ಮಿದುಳಿನ ಅಳತೆಗೋಲು ಯಾರದು?

ಲಂಡನ್ನಿನ ಟ್ಯಾಕ್ಸಿ ಚಾಲಕರ ಮಿದುಳಿನ ಕಥೆಯನ್ನು ಒಂದಲ್ಲ ಒಂದು ಕಡೆ ಓದಿರದವರು ವಿರಳ. ಆ ನಗರದಲ್ಲಿ ಕಪ್ಪು ಟ್ಯಾಕ್ಸಿ ಓಡಿಸುವ ಪರವಾನಗಿ ಬೇಕಿದ್ದರೆ ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿ ಫಾಸಲೆಯೊಳಗಿನ ಸುಮಾರು 25 ಸಾವಿರ ಬೀದಿಗಳನ್ನು ಬಾಯಿಪಾಠ ಮಾಡಬೇಕು. ಅದಕ್ಕೆ ಮೂರು ನಾಲ್ಕು ವರ್ಷಗಳ ಶ್ರಮ ಬೇಕು; ಅರ್ಧದಲ್ಲೇ ಕೈಬಿಡುವವರೂ ಬಹಳ. 2000ದಲ್ಲಿ ಎಲೀನರ್ ಮಗ್ವಾಯರ್ ಎಂಬ ನರವಿಜ್ಞಾನಿ ಮತ್ತು ಅವರ ಸಂಗಡಿಗರು ಇಂಥ 16 ಚಾಲಕರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಅವರ ಮಿದುಳನ್ನು ಟ್ಯಾಕ್ಸಿ ಓಡಿಸದ 50 ಮಂದಿಯ ಮಿದುಳಿನೊಂದಿಗೆ ಹೋಲಿಸಿದರು. ದಾರಿ ಮತ್ತು ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿ ಚಾಲಕರಲ್ಲಿ ದೊಡ್ಡದಾಗಿತ್ತು. ಚಾಲಕ ವೃತ್ತಿಯಲ್ಲಿ ಕಳೆದ ವರ್ಷಗಳು ಹೆಚ್ಚಿದಷ್ಟೂ ಆ ಭಾಗವೂ ಹಿಗ್ಗಿತ್ತು. ದುಡಿಮೆಯಿಂದ ತೋಳು ಬಲಿಯುವಂತೆ ಕಲಿಕೆಯಿಂದ ಮಿದುಳೂ ಬಲಿಯುತ್ತದೆ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅದೇ ಚಾಲಕರಲ್ಲಿ ಹಿಪೊಕ್ಯಾಂಪಸ್‌ನ ಮುಂತುದಿ ಇತರರಿಗಿಂತ ಚಿಕ್ಕದಾಗಿತ್ತು ಎಂಬ ಸಂಗತಿಯನ್ನು ಮಾತ್ರ ಹೆಚ್ಚಿನವರು ಬರೆಯಲಿಲ್ಲ. ಶುಭವಾರ್ತೆಯನ್ನು ಅರ್ಧಕ್ಕೆ ಕತ್ತರಿಸುವ ಚಾಳಿ ನಮಗೆ, ಪತ್ರಿಕೆಗಳಲ್ಲಿ ಬರೆಯುವವರಿಗೆ, ಹೊಸದೇನಲ್ಲ.

ಮಗ್ವಾಯರ್ 2025ರ ಜನವರಿಯಲ್ಲಿ, 54ನೇ ವಯಸ್ಸಿನಲ್ಲೇ ತೀರಿಕೊಂಡರು. ಅವರ ಈ ಅಧ್ಯಯನಕ್ಕೆ ನಗೆ ತರಿಸಿ ಆಮೇಲೆ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ನೊಬೆಲ್ ಬಹುಮಾನ 2003ರಲ್ಲಿ ಬಂದಿತ್ತು. ಅದೇ ವರ್ಷ ಎಂಆರ್‌ಐ ತಂತ್ರಕ್ಕೆ ತಳಪಾಯ ಹಾಕಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ ನಿಜವಾದ ನೊಬೆಲ್ ಪ್ರಶಸ್ತಿ ದೊರೆಯಿತು. ಮಿದುಳಿನ ಯಾವ ಭಾಗ ಎಷ್ಟು ದಪ್ಪ, ಎಷ್ಟು ತೆಳು ಎಂದು ಅಳೆಯುವ ವಿಜ್ಞಾನ ಅಂದಿನಿಂದ ಇಂದಿಗೆ ಬಹಳ ದೂರ ಸಾಗಿದೆ. ಸಂಶೋಧನಾಲಯದ ಗೋಡೆ ದಾಟಿ ಆಸ್ಪತ್ರೆಯ ವರದಿಗಳಿಗೂ ಇಳಿದಿದೆ. ನಮ್ಮ ಮನೆಗಳ ಹಿರಿಯರ ಕೈಗೆ ಅದರ ಫಲ ಕಾಗದದ ರೂಪದಲ್ಲಿ ಬರುತ್ತಿರುವ ಈ ಹೊತ್ತಿನಲ್ಲಿ, ಆ ಅಳತೆ ಆಗುವುದು ಹೇಗೆ, ಯಾರ ಕೋಲಿನಿಂದ ಎಂಬ ಪ್ರಶ್ನೆ ತಜ್ಞರಿಗಷ್ಟೇ ಸೇರಿದ್ದಲ್ಲ.

ಎಂಆರ್‌ಐ ಎಂಬುದು ಛಾಯಾಚಿತ್ರವಲ್ಲ. ನಮ್ಮ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಬೀಜಗಳನ್ನು ಪ್ರಬಲ ಅಯಸ್ಕಾಂತ ಒಂದು ದಿಕ್ಕಿಗೆ ಸಾಲುಗೊಳಿಸುತ್ತದೆ. ರೇಡಿಯೋ ಅಲೆಯೊಂದು ಅವನ್ನು ಕ್ಷಣಕಾಲ ಅಲುಗಿಸುತ್ತದೆ. ಅವು ಮತ್ತೆ ಮೊದಲಿನ ಸ್ಥಿತಿಗೆ ಮರಳುವಾಗ ಹೊಮ್ಮಿಸುವ ಕ್ಷೀಣ ಸಂಕೇತವನ್ನು ಯಂತ್ರ ಹಿಡಿಯುತ್ತದೆ. ಮರಳುವ ವೇಗ ಒಂದೊಂದು ಅಂಗಾಂಶದಲ್ಲಿ ಒಂದೊಂದು ಬಗೆ. ನರಕೋಶಗಳು ದಟ್ಟವಾಗಿರುವ ಬೂದು ಭಾಗ, ಅವುಗಳ ತಂತುಗಳು ಹಾದುಹೋಗುವ ಬಿಳಿ ಭಾಗ, ಸುತ್ತಲಿನ ದ್ರವ, ಈ ಮೂರೂ ಪರದೆಯ ಮೇಲೆ ಬೇರೆ ಬೇರೆ ಛಾಯೆಗಳಾಗಿ ಕಾಣುವುದು ಇದರಿಂದಲೇ. ಯಂತ್ರ ಮಿದುಳನ್ನು ಸುಮಾರು ಒಂದು ಮಿಲಿಮೀಟರ್ ಬದಿಯ ಪುಟ್ಟ ಘನಗಳಾಗಿ ಹಂಚುತ್ತದೆ. ಇವಕ್ಕೆ ವಾಕ್ಸೆಲ್ ಎಂದು ಹೆಸರು. ವಯಸ್ಕನೊಬ್ಬನ ಮಿದುಳಿನಲ್ಲಿ ಇಂಥವು ಹತ್ತು ಲಕ್ಷಕ್ಕೂ ಹೆಚ್ಚು.

ಒಬ್ಬರ ಮಿದುಳಿನ ಮಡಿಕೆ ಇನ್ನೊಬ್ಬರಂತಿಲ್ಲ. ಹೀಗಿರುವಾಗ ನನ್ನ ಮಿದುಳಿನ ಒಂದು ಘನವನ್ನು ನಿಮ್ಮ ಮಿದುಳಿನ ಯಾವ ಘನದೊಂದಿಗೆ ಹೋಲಿಸುವುದು? ಲಂಡನ್ನಿನ ಜಾನ್ ಆ್ಯಶ್‌ಬರ್ನರ್ ಮತ್ತು ಕಾರ್ಲ್ ಫ್ರಿಸ್ಟನ್ 2000ದಲ್ಲಿ ವಿವರವಾಗಿ ಪ್ರಕಟಿಸಿದ ವಿಧಾನ ಇದಕ್ಕೊಂದು ದಾರಿ ತೋರಿಸಿತು. ಎಲ್ಲರ ಮಿದುಳಿನ ಚಿತ್ರವನ್ನೂ ಹಿಗ್ಗಿಸಿ, ಕುಗ್ಗಿಸಿ, ಬಾಗಿಸಿ ಒಂದು ಮಾದರಿ ಮಿದುಳಿನ ಅಚ್ಚಿಗೆ ಕೂರಿಸುವುದು. ಬೂದು, ಬಿಳಿ, ದ್ರವ ಎಂದು ಗಣಕಯಂತ್ರವೇ ಬೇರ್ಪಡಿಸುವುದು. ಅಕ್ಕಪಕ್ಕದ ಘನಗಳ ಬೆಲೆಯನ್ನು ಬೆರೆಸಿ ಚಿತ್ರವನ್ನು ಕೊಂಚ ಮಸುಕುಗೊಳಿಸುವುದು. ಕೊನೆಗೆ ಪ್ರತಿ ಘನದಲ್ಲೂ ಎರಡು ಗುಂಪುಗಳ ಸರಾಸರಿಯನ್ನು ಸಂಖ್ಯಾಶಾಸ್ತ್ರದ ಮೂಲಕ ಹೋಲಿಸುವುದು. ಮೊದಲಾದರೆ ಹಿಪೊಕ್ಯಾಂಪಸ್‌ನ ಅಂಚನ್ನು ಪರಿಣತರು ಪರದೆಯ ಮೇಲೆ ಕೈಯಿಂದ ಗೆರೆ ಎಳೆದು ಗುರುತಿಸಬೇಕಿತ್ತು. ಒಂದೊಂದು ಮಿದುಳಿಗೂ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಈಗ ಇಡೀ ಮಿದುಳನ್ನು, ಪೂರ್ವಗ್ರಹವಿಲ್ಲದೆ, ಯಂತ್ರವೇ ಜಾಲಾಡುತ್ತದೆ. ಉಚಿತವಾಗಿ ಸಿಗುವ ತಂತ್ರಾಂಶದಿಂದಾಗಿ ಸ್ಕಿಜೋಫ್ರೀನಿಯಾದಿಂದ ಸಂಗೀತಾಭ್ಯಾಸದವರೆಗೆ ಸಾವಿರಾರು ಅಧ್ಯಯನಗಳು ಇದೇ ದಾರಿಯಲ್ಲಿ ನಡೆದವು.

ಅನುಕೂಲ ಇರುವಲ್ಲೇ ಅಪಾಯವೂ ಇತ್ತು. ಹತ್ತು ಲಕ್ಷ ಕಡೆ ಹೋಲಿಕೆ ಮಾಡಿ, ನೂರರಲ್ಲಿ ಐದು ಸಲ ಆಕಸ್ಮಿಕವಾಗಿ ವ್ಯತ್ಯಾಸ ಕಂಡರೂ ಪರವಾಗಿಲ್ಲ ಎಂಬ ಸಾಮಾನ್ಯ ನಿಯಮವನ್ನೇ ಇಟ್ಟುಕೊಂಡರೆ, ಯಾವ ವ್ಯತ್ಯಾಸವೂ ಇಲ್ಲದ ಎರಡು ಗುಂಪುಗಳ ನಡುವೆಯೂ ಐವತ್ತು ಸಾವಿರ ಘನಗಳು 'ಭಿನ್ನ' ಎಂದು ಬೆಳಗುತ್ತವೆ. ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು 2009ರಲ್ಲಿ ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು 'ತೋರಿಸಿ', ಈ ತಿದ್ದುಪಡಿ ಮಾಡದೆ ಲೆಕ್ಕ ಹಾಕಿದರೆ ಸತ್ತ ಮೀನಿನ ಮಿದುಳೂ ಚಟುವಟಿಕೆಯಿಂದ ಮಿನುಗುವುದನ್ನು ಸಾಬೀತುಪಡಿಸಿದರು. ಅದು ರಚನೆಯ ಅಳತೆಯಲ್ಲ, ಚಟುವಟಿಕೆಯ ಅಳತೆ ನಿಜ. ಆದರೆ ಲೆಕ್ಕದ ಕುಣಿಕೆ ಎರಡರಲ್ಲೂ ಒಂದೇ. ಅವರಿಗೂ 2012ರಲ್ಲಿ ಇಗ್ನೊಬೆಲ್ ಬಂತು. ಇಂದು ಜವಾಬ್ದಾರಿಯುತ ಸಂಶೋಧಕರು ಈ ತಿದ್ದುಪಡಿಯನ್ನು ಬಿಡುವುದಿಲ್ಲ.

ಅಚ್ಚಿನದು ಇನ್ನೂ ಆಳವಾದ ತೊಡಕು. ಒಂದರ ಮೇಲೊಂದು ಸರಿಯಾಗಿ ಕೂರದ ಚಿತ್ರಗಳ ಮೇಲೆ ಈ ವಿಧಾನವನ್ನು ಬಳಸಲೇಬಾರದು ಎಂದು ಫ್ರೆಡ್ ಬುಕ್‌ಸ್ಟೈನ್ 2001ರಲ್ಲೇ ಆಕ್ಷೇಪಿಸಿದ್ದರು. ಯಾಕೆ ಬಳಸಬೇಕು ಎಂದು ಆ್ಯಶ್‌ಬರ್ನರ್ ಮತ್ತು ಫ್ರಿಸ್ಟನ್ ಅದೇ ವರ್ಷ ಉತ್ತರ ಬರೆದರು. ಇಂಥ ಜಗಳಗಳು ವಿಜ್ಞಾನದ ಆರೋಗ್ಯಕ್ಕೆ ಒಳ್ಳೆಯವು. ಬೇಸರದ ಸಂಗತಿಯೆಂದರೆ ಜಗಳದ ಸದ್ದು ಸಾಮಾನ್ಯ ಓದುಗರ ತನಕ ಬರುವುದೇ ಇಲ್ಲ. ಬರುವುದು ಬಣ್ಣದ ಚಿತ್ರ ಮಾತ್ರ. ಅದರಲ್ಲಿ ಬೂದು ಭಾಗ 'ಹೆಚ್ಚಿದೆ' ಎಂದರೆ ನರಕೋಶಗಳ ಸಂಖ್ಯೆ ಹೆಚ್ಚಿದೆ ಎಂದು ಅರ್ಥವಲ್ಲ. ತಂತುಗಳ ಹೊದಿಕೆ, ರಕ್ತನಾಳ, ನೀರು, ಇವುಗಳಲ್ಲಿ ಯಾವುದು ಬದಲಾದರೂ ಯಂತ್ರದ ಛಾಯೆ ಬದಲಾಗುತ್ತದೆ. ತಲೆಯನ್ನು ಕೊಂಚ ಅಲುಗಿಸಿದರೂ ಬೂದು ಭಾಗ ತೆಳುವಾಗಿ ಕಾಣುತ್ತದೆ. ಹದಿನಾರು ಗಂಟೆ ನೀರು ಕುಡಿಯದೆ ಇದ್ದವರ ಮಿದುಳಿನ ಗಾತ್ರ ಸರಾಸರಿ ಅರ್ಧ ಶೇಕಡಾದಷ್ಟು ಕುಗ್ಗಿ, ನೀರು ಕುಡಿದ ಮೇಲೆ ಮತ್ತೆ ಹಿಗ್ಗಿದ್ದನ್ನು 2005ರಲ್ಲಿ ಜರ್ಮನಿಯ ವೈದ್ಯರು ವರದಿ ಮಾಡಿದರು. ಏಕಾದಶಿಯ ನಿರ್ಜಲ ಉಪವಾಸ ಮುಗಿಸಿ ಮರುಬೆಳಗ್ಗೆ ನೇರವಾಗಿ ಸ್ಕ್ಯಾನ್‌ಗೆ ಹೋಗುವ ನಮ್ಮ ಅಜ್ಜಿಯರನ್ನು ಇಲ್ಲಿ ನೆನೆಯಬಹುದು.

ಹಾಗೆಂದು ಈ ಅಳತೆಯೇ ಹುಸಿ ಎನ್ನುವುದು ನನ್ನ ವಾದವಲ್ಲ. ಮಗ್ವಾಯರ್ ಅವರ ಮುಂದಿನ ಹೆಜ್ಜೆಗಳೇ ಇದಕ್ಕೆ ಉತ್ತರ. ಚಾಲನೆಯೇ ಕಾರಣವಿರಬಹುದಲ್ಲವೇ ಎಂಬ ಸಂದೇಹಕ್ಕೆ 2006ರಲ್ಲಿ ಅವರು ಟ್ಯಾಕ್ಸಿ ಚಾಲಕರನ್ನು ನಿಗದಿತ ಮಾರ್ಗದಲ್ಲಿ ಓಡುವ ಬಸ್ ಚಾಲಕರೊಂದಿಗೆ ಹೋಲಿಸಿದರು. ಬಸ್ ಚಾಲಕರಲ್ಲಿ ಆ ವ್ಯತ್ಯಾಸ ಇರಲಿಲ್ಲ. ದೊಡ್ಡ ಹಿಪೊಕ್ಯಾಂಪಸ್ ಇದ್ದವರೇ ಆ ವೃತ್ತಿಗೆ ಬರುತ್ತಾರೇನೋ ಎಂಬ ಇನ್ನೊಂದು ಸಂದೇಹಕ್ಕೆ ಉತ್ತರ ಸಿಕ್ಕಿದ್ದು 2011ರಲ್ಲಿ. ಕ್ಯಾಥರೀನ್ ವೂಲೆಟ್ ಜೊತೆಗೂಡಿ ಅವರು 79 ಅಭ್ಯರ್ಥಿಗಳನ್ನು ತರಬೇತಿಯ ಆರಂಭದಲ್ಲೇ ಸ್ಕ್ಯಾನ್ ಮಾಡಿಟ್ಟುಕೊಂಡಿದ್ದರು. ಅವರಲ್ಲಿ 39 ಮಂದಿ ತೇರ್ಗಡೆಯಾದರು. ಆರಂಭದಲ್ಲಿ ಎಲ್ಲರ ಮಿದುಳೂ ಒಂದೇ ತರಹ. ವರ್ಷಗಳ ನಂತರ ಹಿಪೊಕ್ಯಾಂಪಸ್‌ನ ಹಿಂತುದಿ ಹಿಗ್ಗಿದ್ದು ತೇರ್ಗಡೆಯಾದವರಲ್ಲಿ ಮಾತ್ರ. ಒಬ್ಬರನ್ನು ಅವರೊಂದಿಗೇ, ಹಿಂದಿನ ಅವರೊಂದಿಗೆ, ಹೋಲಿಸುವ ಅಳತೆಗೆ ಇರುವ ಬಲ ಇದು. 2004ರಲ್ಲಿ ಜರ್ಮನಿಯ ಡ್ರಗಾನ್‌ಸ್ಕಿ ಮತ್ತು ಸಂಗಡಿಗರು ಮೂರು ತಿಂಗಳು ಚೆಂಡು ತೂರಿ ಹಿಡಿಯುವ ಆಟ ಕಲಿತವರಲ್ಲಿ ಚಲನೆಯನ್ನು ಗ್ರಹಿಸುವ ಭಾಗ ಹಿಗ್ಗಿದ್ದನ್ನೂ, ಆಟ ಬಿಟ್ಟ ಮೇಲೆ ಅದು ಮತ್ತೆ ತಗ್ಗಿದ್ದನ್ನೂ ತೋರಿಸಿದ್ದರು.

ಕೆಲವೇ ಹತ್ತು ಜನರ ಒಂದೇ ಸಲದ ಸ್ಕ್ಯಾನ್ ನೋಡಿ, ಬುದ್ಧಿವಂತಿಕೆ ಇಲ್ಲಿದೆ, ಕ್ರೌರ್ಯ ಅಲ್ಲಿದೆ ಎಂದು ಬೊಟ್ಟು ಮಾಡುವ ಅಧ್ಯಯನಗಳ ಮಾತು ಬೇರೆ. ಸ್ಕಾಟ್ ಮಾರೆಕ್ ಮತ್ತು ಸಂಗಡಿಗರು ಸುಮಾರು 50 ಸಾವಿರ ಜನರ ಮಾಹಿತಿಯನ್ನು ಜಾಲಾಡಿ 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಹೇಳಿದ್ದು ಇಷ್ಟು: ಮಿದುಳಿನ ರಚನೆಗೂ ಸ್ವಭಾವ ಸಾಮರ್ಥ್ಯಗಳಿಗೂ ಇರುವ ನಂಟು ಎಷ್ಟು ಸಣ್ಣದೆಂದರೆ, ಅದನ್ನು ನಂಬಿಕೆಯಿಂದ ಗುರುತಿಸಲು ಸಾವಿರಾರು ಜನ ಬೇಕು, ಆದರೆ ನಡೆದಿರುವ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಇರುವವರು ಇಪ್ಪತ್ತೈದರ ಆಸುಪಾಸು.

ಮಿದುಳನ್ನು ಅಳೆದು ಮನುಷ್ಯನಿಗೆ ಬೆಲೆ ಕಟ್ಟುವ ಚಟಕ್ಕೆ ಎಂಆರ್‌ಐಗಿಂತ ಬಹಳ ಹಿಂದಿನ ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ದೊಡ್ಡವರು ಸತ್ತರೆ ಮಿದುಳನ್ನು ತಕ್ಕಡಿಗೆ ಹಾಕುವುದೇ ಒಂದು ಶಾಸ್ತ್ರವಾಗಿತ್ತು. ರಷ್ಯಾದ ಕಾದಂಬರಿಕಾರ ತುರ್ಗೆನೆವ್ ಅವರದು ಎರಡು ಕಿಲೋಗ್ರಾಂ ಮೀರಿತು. ಮುಂದಿನ ಶತಮಾನದಲ್ಲಿ, ನೊಬೆಲ್ ಪುರಸ್ಕೃತ ಅನತೋಲ್ ಫ್ರಾನ್ಸ್ ಅವರದು ಒಂದು ಕಿಲೋಗ್ರಾಂಗಿಂತ ತುಸುವೇ ಹೆಚ್ಚು ತೂಗಿ ಈ ಶಾಸ್ತ್ರದ ಮಾನ ಕಳೆಯಿತು. ನಮ್ಮಲ್ಲಿ 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ಹರ್ಬರ್ಟ್ ರಿಸ್ಲೆ ಮೂಗಿನ ಅಗಲ ಅಳೆದು ಜಾತಿಗಳಿಗೆ ಮೇಲುಕೀಳಿನ ಏಣಿ ಕಟ್ಟಿದ. ಅದಕ್ಕೆ ಒಪ್ಪವಾದ ಉತ್ತರ ಕೊಟ್ಟವರಲ್ಲಿ ಒಬ್ಬರು ಇರಾವತಿ ಕರ್ವೆ. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಅವರ ಮಾರ್ಗದರ್ಶಕನಾಗಿದ್ದವನು ಯೂಗೆನ್ ಫಿಶರ್. ಮುಂದೆ ನಾಟ್ಸಿಗಳ ಜನಾಂಗ ಸಿದ್ಧಾಂತಕ್ಕೆ ಹೆಗಲು ಕೊಟ್ಟವನು. ಬಿಳಿಯರ ತಲೆಬುರುಡೆಯ ಎಡಬಲಗಳ ಅಸಮತೆ ಅವರ ಬುದ್ಧಿಯ ಹೆಚ್ಚಳದ ಗುರುತು ಎಂಬುದು ಅವನ ಊಹೆ. ಕರ್ವೆ ಬುರುಡೆಗಳನ್ನು ಅಳೆದರು. ಅಂಥ ಜನಾಂಗಭೇದ ಕಾಣಲಿಲ್ಲ ಎಂದು ಗುರುವಿನ ಮುಂದೆಯೇ ಬರೆದಿಟ್ಟರು. ಅಳತೆಯನ್ನು ಅಳತೆಯಿಂದಲೇ ಸೋಲಿಸಿದ ಆ ಧೈರ್ಯ ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು.

ಹಳೆಯ ಚಟ ಹೊಸ ಯಂತ್ರದ ಜೊತೆಗೂ ಬಂದಿದೆ. ಹೆಣ್ಣಿನ ಮಿದುಳು, ಗಂಡಿನ ಮಿದುಳು ಎಂಬ ಮಾತಿಗೆ ಇಂದಿಗೂ ಗಿರಾಕಿಗಳಿದ್ದಾರೆ. ಇಸ್ರೇಲಿನ ಡಾಫ್ನಾ ಜೋಯೆಲ್ ಮತ್ತು ಸಂಗಡಿಗರು 1,400ಕ್ಕೂ ಹೆಚ್ಚು ಎಂಆರ್‌ಐ ಚಿತ್ರಗಳನ್ನು ನೋಡಿ 2015ರಲ್ಲಿ ತಿಳಿಸಿದ ಪ್ರಕಾರ, ಎಲ್ಲ ಭಾಗಗಳಲ್ಲೂ ಅಪ್ಪಟ 'ಗಂಡು' ಅಥವಾ ಅಪ್ಪಟ 'ಹೆಣ್ಣು' ಎನಿಸುವ ಮಿದುಳು ನೂರಕ್ಕೆ ಹತ್ತರಷ್ಟೂ ಇಲ್ಲ, ಉಳಿದವೆಲ್ಲ ಮಿಶ್ರಣ. 2019ರಲ್ಲಿ ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ನೂರು ಯುವಜನರ ಚಿತ್ರಗಳಿಂದ ಭಾರತೀಯ ಮಿದುಳಿನ ಮಾದರಿಯೊಂದನ್ನು ಸಿದ್ಧಪಡಿಸಿದಾಗ, ಭಾರತೀಯರ ಮಿದುಳು ಎತ್ತರ, ಅಗಲ, ಗಾತ್ರಗಳಲ್ಲಿ ಪಾಶ್ಚಾತ್ಯರಿಗಿಂತ ಚಿಕ್ಕದು ಎಂಬುದೇ ಸುದ್ದಿಯ ತಲೆಬರಹವಾಯಿತು. ಕೆಲವರಿಗೆ ಅವಮಾನ, ಕೆಲವರಿಗೆ ತಮಾಷೆ. ಮಿದುಳಿನ ಗಾತ್ರ ಮೈಕಟ್ಟಿನ ಗಾತ್ರದೊಂದಿಗೆ ಏರಿಳಿಯುತ್ತದೆ ಎಂಬ ಸರಳ ಸಂಗತಿ ಯಾರಿಗೂ ಬೇಕಿರಲಿಲ್ಲ. ಆ ಸಂಶೋಧಕರು ಎತ್ತಿದ್ದ ನಿಜವಾದ ಪ್ರಶ್ನೆಯಂತೂ ಸುದ್ದಿಯ ಅಡಿಯಲ್ಲಿ ಹೂತುಹೋಯಿತು: ಪರದೇಶದ ಅಚ್ಚಿಗೆ ನಮ್ಮವರ ಮಿದುಳನ್ನು ಕೂರಿಸಿ ರೋಗ ನಿರ್ಣಯ ಮಾಡಿದರೆ ತಪ್ಪಾಗುವುದಿಲ್ಲವೇ?

ಆ ಅಚ್ಚುಗಳ ಮೂಲ ಕುತೂಹಲಕರವಾದುದು. ಫ್ರಾನ್ಸಿನ ತಾಲೈರಾಕ್ ಮತ್ತು ತೂರ್ನು 1988ರಲ್ಲಿ ಪ್ರಕಟಿಸಿದ, ಜಗತ್ತೆಲ್ಲ ಬಳಸಿದ ಮಿದುಳಿನ ನಕ್ಷೆಗೆ ಆಧಾರ 60 ವರ್ಷದ ಒಬ್ಬಳೇ ಮಹಿಳೆಯ ಮರಣೋತ್ತರ ಮಿದುಳು. ಆಮೇಲೆ ಅದರ ಜಾಗಕ್ಕೆ ಬಂದದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ ನೂರಾರು ಜನರ ಚಿತ್ರಗಳಿಂದ ಮಾಡಿದ ಮಾದರಿ. ಅವರಲ್ಲಿ ಹೆಚ್ಚಿನವರು ಅಲ್ಲಿನ ಯುವಜನರು. 2022ರಲ್ಲಿ ಹೊರಬಂದ, ಒಂದು ಲಕ್ಷಕ್ಕೂ ಹೆಚ್ಚು ಜನರ 1,23,984 ಸ್ಕ್ಯಾನ್‌ಗಳನ್ನು ಆಧರಿಸಿದ ಮಿದುಳಿನ ಬೆಳವಣಿಗೆಯ ಪಟ್ಟಿಯಲ್ಲೂ ಬಹುಪಾಲು ಯೂರೋಪು ಮತ್ತು ಉತ್ತರ ಅಮೆರಿಕದವರೇ ಎಂದು ಅದನ್ನು ರಚಿಸಿದವರೇ ಒಪ್ಪಿಕೊಂಡಿದ್ದಾರೆ. ಮೆಟ್ರಿಕ್ ಪದ್ಧತಿ ಬರುವ ಮುನ್ನ ನಮ್ಮ ಸೀಮೆಗಳಲ್ಲಿ ಊರಿಗೊಂದು ಸೇರು, ಸಂತೆಗೊಂದು ಕೊಳಗ ಇತ್ತು. ಪಕ್ಕದೂರಿನ ಕೊಳಗದಲ್ಲಿ ನಮ್ಮ ರಾಗಿ ಅಳೆದು 'ಕಡಿಮೆ ಬಂತು' ಎಂದರೆ ರೈತ ಒಪ್ಪುತ್ತಿರಲಿಲ್ಲ. ಮೊದಲು ಕೊಳಗ ತೋರಿಸು ಎನ್ನುತ್ತಿದ್ದ.

ಈ ಕೊಳಗದ ಪ್ರಶ್ನೆ ನನಗೆ ಪುಸ್ತಕದ್ದಲ್ಲ. ನನ್ನ ಸೋದರತ್ತೆಗೆ 74. ಪದೇ ಪದೇ ತಲೆನೋವು ಬರುತ್ತಿದೆ ಎಂದು ಕಳೆದ ವರ್ಷ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಎಂಆರ್‌ಐ ಆಯಿತು. ವರದಿಯ ಕೊನೆಯಲ್ಲಿ 'ಅಟ್ರೊಫಿ' ಎಂಬ ಪದವಿತ್ತು, ಅಂದರೆ ಮಿದುಳಿನ ಕುಗ್ಗುವಿಕೆ. ಯಾರೊಂದಿಗೆ ಹೋಲಿಸಿ ಕುಗ್ಗಿದೆ, ಎಷ್ಟು ಕುಗ್ಗಿದೆ ಎಂಬ ವಿವರ ಇರಲಿಲ್ಲ. ಮಗ ಆ ರಾತ್ರಿಯೆಲ್ಲ ಅಂತರಜಾಲದಲ್ಲಿ ಓದಿ ಮರೆವಿನ ರೋಗ ಎಂದು ನಿಶ್ಚಯಿಸಿಬಿಟ್ಟ. ಒಂದೇ ವಾರದಲ್ಲಿ ಅತ್ತೆಯ ಪಾಸ್‌ಬುಕ್ ಸೊಸೆಯ ಬೀರು ಸೇರಿತು; ಒಬ್ಬರೇ ದೇವಸ್ಥಾನಕ್ಕೆ ಹೋಗುವುದು ನಿಂತಿತು. "ನನ್ನ ತಲೆ ಸವೆದುಹೋಗಿದೆಯಂತೆ ಕಣಪ್ಪಾ" ಎಂದು ಅವರು ನನಗೆ ಫೋನಿನಲ್ಲಿ ಹೇಳಿದರು. ಎರಡು ತಿಂಗಳ ನಂತರ ನರರೋಗ ತಜ್ಞರೊಬ್ಬರು ಅರ್ಧ ಗಂಟೆ ಕೂರಿಸಿ ನೆನಪು, ಲೆಕ್ಕ, ಮಾತು ಎಲ್ಲವನ್ನೂ ಪರೀಕ್ಷಿಸಿ, ವಯಸ್ಸಿಗೆ ಸಹಜವಾದ ಬದಲಾವಣೆ ಇದು, ಕಾಯಿಲೆಯಲ್ಲ ಎಂದರು. ಪಾಸ್‌ಬುಕ್ ಮಾತ್ರ ಇನ್ನೂ ಹಿಂದಿರುಗಿಲ್ಲ.

ಅರವತ್ತು ದಾಟಿದ ಯಾರ ಮಿದುಳೂ ಕುಗ್ಗುತ್ತದೆ. ಆರೋಗ್ಯವಂತ ವೃದ್ಧರ ಹಿಪೊಕ್ಯಾಂಪಸ್ ವರ್ಷಕ್ಕೆ ಶೇಕಡಾ ಒಂದೆರಡರಷ್ಟು ಸವೆದರೆ, ಆಲ್ಜೈಮರ್ ಪೀಡಿತರಲ್ಲಿ ಅದು ಶೇಕಡಾ ನಾಲ್ಕೈದು. ವ್ಯತ್ಯಾಸ ಇರುವುದು ವೇಗದಲ್ಲಿ. ವೇಗ ಒಂದು ಚಿತ್ರದಿಂದ ತಿಳಿಯುವುದಿಲ್ಲ. ಕುಗ್ಗುವಿಕೆಗೂ ಮರೆವಿಗೂ ನೇರ ಸರಳರೇಖೆಯೂ ಇಲ್ಲ. ಅಮೆರಿಕದಲ್ಲಿ 678 ಸನ್ಯಾಸಿನಿಯರನ್ನು ಇಳಿವಯಸ್ಸಿನಲ್ಲಿ ಗಮನಿಸಿ, ಮರಣಾನಂತರ ಮಿದುಳನ್ನೂ ಪರೀಕ್ಷಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಆಲ್ಜೈಮರ್‌ನ ಗುರುತುಗಳು ತುಂಬಿದ್ದರೂ ಕೊನೆಯವರೆಗೆ ಚುರುಕಾಗಿದ್ದವರು ಸಿಕ್ಕಿದರು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣ ಅಲ್ಲಾಡಿ ಅವರು ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇಲ್ಲಿ ಮುಖ್ಯ: ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಕಾಣಿಸಿಕೊಂಡದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ, ಅದೂ ಶಾಲೆಯ ಮುಖ ನೋಡದವರಲ್ಲೂ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಕೋಲಾರದ ಅಜ್ಜಿಯ ಮಿದುಳಿಗೆ ಮಾಂಟ್ರಿಯಲ್‌ನ ಯುವಕನ ಅಚ್ಚು ಏನು ತಾನೇ ಹೇಳೀತು?

ಸಮಾಧಾನದ ಸಂಗತಿಯೆಂದರೆ ನಮ್ಮ ಕೊಳಗವನ್ನು ನಾವೇ ಮಾಡಿಕೊಳ್ಳುವ ಕೆಲಸ ಕರ್ನಾಟಕದಲ್ಲೇ ನಡೆದಿದೆ. ನಿಮ್ಹಾನ್ಸ್ ಸಂಶೋಧಕರು 2020ರಲ್ಲಿ, ಅಮೆರಿಕದ ಸಹೋದ್ಯೋಗಿಗಳ ಜೊತೆಗೂಡಿ, 6ರಿಂದ 60 ವರ್ಷದ ಭಾರತೀಯರಿಗಾಗಿ ಐದು ವಯೋಮಾನಗಳ ಮಿದುಳಿನ ಮಾದರಿಗಳನ್ನು ಪ್ರಕಟಿಸಿ ಎಲ್ಲರ ಬಳಕೆಗೆ ಬಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ಕೈಗೊಂಡಿದೆ. ರಕ್ತ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲವೂ ಅದರಲ್ಲಿವೆ. ಒಂದೇ ಸಲದ ಚಿತ್ರವಲ್ಲ, ಮತ್ತೆ ಮತ್ತೆ ಅದೇ ಜನ. ಲಂಡನ್ನಿನ 2011ರ ಅಧ್ಯಯನಕ್ಕೆ ಬಲ ಬಂದದ್ದೂ ಇದರಿಂದಲೇ ಅಲ್ಲವೇ?

ಆದರೆ ಸಂಶೋಧನಾಲಯದಿಂದ ಸ್ಕ್ಯಾನಿಂಗ್ ಕೇಂದ್ರಕ್ಕೆ ಇರುವ ದೂರವನ್ನು ಯಾರೋ ಕ್ರಮಿಸಲೇಬೇಕು. ಮಿದುಳಿನ ಭಾಗಗಳನ್ನು ತಾನೇ ಅಳೆದು, ನಿಮ್ಮ ವಯಸ್ಸಿನವರಲ್ಲಿ ನಿಮ್ಮ ಸ್ಥಾನ ಇಷ್ಟನೆಯದು ಎಂದು ಅಂಕಪಟ್ಟಿ ಕೊಡುವ ತಂತ್ರಾಂಶಕ್ಕೆ ಅಮೆರಿಕದಲ್ಲಿ 2006ರಲ್ಲೇ ಅನುಮತಿ ಸಿಕ್ಕಿದೆ. ಅಂಥವು ಈಗ ಹಲವು. ನಮ್ಮಲ್ಲಿ ಅವುಗಳನ್ನು ಬಳಸುವಾಗ ಹೋಲಿಕೆಯ ಗುಂಪು ಯಾವ ದೇಶದ್ದು, ಎಷ್ಟು ಜನರದ್ದು, ಯಂತ್ರ ಯಾವ ಬಗೆಯದು ಎಂದು ವರದಿಯಲ್ಲೇ ಒಂದು ಸಾಲು ಬರೆಯುವುದನ್ನು ಕಡ್ಡಾಯ ಮಾಡಲು ಸರ್ಕಾರಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಒಂದೇ ಮಿದುಳಿಗೆ ಎರಡು ಯಂತ್ರಗಳು ಎರಡು ಅಳತೆ ಕೊಡಬಲ್ಲವು ಎಂಬುದನ್ನು ವೈದ್ಯರು ಬಲ್ಲರು, ರೋಗಿಗಳು ಅರಿಯರು. ಅಟ್ರೊಫಿ ಎಂಬ ಪದವನ್ನು ಕಾಗದಕ್ಕೆ ಇಳಿಸುವವರು ಅದು ವಯೋಸಹಜವೋ ಅಲ್ಲವೋ ಎಂಬುದನ್ನು ಅದೇ ಸಾಲಿನಲ್ಲಿ, ಸಾಧ್ಯವಾದರೆ ಕನ್ನಡದಲ್ಲೂ, ಬರೆಯಬೇಕು. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಪರಿಪಾಠಕ್ಕೆ ಚಾಲನೆ ಕೊಡಬಹುದು.

ಇನ್ನೊಂದು ಬೇಲಿಯೂ ಬೇಕು. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ 'ಮಧ್ಯಮಿದುಳು ಜಾಗೃತಿ' ಮಾಡಿಸುತ್ತೇವೆಂದು ಸಾವಿರಾರು ರೂಪಾಯಿ ಕಿತ್ತವರನ್ನು ಮಂಗಳೂರಿನ ನರೇಂದ್ರ ನಾಯಕ್ ಅವರಂಥವರು ಬಯಲಿಗೆಳೆದದ್ದನ್ನು ನಾವು ಕಂಡಿದ್ದೇವೆ. ಅಂಥ ವ್ಯಾಪಾರಿಗಳ ಕೈಗೆ ನಾಳೆ ನಿಜವಾದ ಎಂಆರ್‌ಐ ಚಿತ್ರವೇ ಸಿಕ್ಕರೆ ನಂಬುವವರಿಗೆ ಬರವಿರದು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳಿನ ವಿದ್ಯುತ್ ತರಂಗ ಪರೀಕ್ಷೆಗಳನ್ನು ನಡೆಸುವುದು ಸಂವಿಧಾನಬಾಹಿರ ಎಂದು ತೀರ್ಪು ನೀಡಿತು. ಆ ತೀರ್ಪು ಬಂದದ್ದು ಅಪರಾಧ ತನಿಖೆಯ ಸಂದರ್ಭದಲ್ಲಿ. ಶಾಲೆಯ ಪ್ರವೇಶಕ್ಕೆ, ನೌಕರಿಗೆ, ವಿಮೆಗೆ ಮಿದುಳಿನ ಅಳತೆ ಕೇಳುವವರು ಬಂದರೆ ಏನು ಮಾಡಬೇಕೆಂಬುದನ್ನು, ಅವರು ಬರುವುದಕ್ಕೆ ಮೊದಲೇ, ವಿಧಾನಸೌಧದಲ್ಲಿ ಯಾರಾದರೂ ಕೇಳಬೇಕಿದೆ.